ಕೊನೆಯ ಬೋಗಿ ದಾಟುವವರೆಗೆ

ರೈಲಿನ ಹುಚ್ಚು ಹತ್ತಿದ ಹುಡುಗರು ನಮ್ಮ ಸ್ಟೇಷನ್ನಿಗೆ ಆಗಾಗ ಬರುತ್ತಾರೆ. ಕೈಯಲ್ಲಿ ಕ್ಯಾಮೆರಾ, ಬಾಯಲ್ಲಿ ಎಂಜಿನ್ ನಂಬರು. ಮಾತಿಗೆ ಸಿಕ್ಕರೆ ಎಲ್ಲರೂ ಕೇಳುವುದು ಒಂದನ್ನೇ. "ಸಾರ್, ರೈಲ್ವೇಲಿ ಯಾವ ಕೆಲಸ ಚೆನ್ನಾಗಿರುತ್ತೆ?" ಉತ್ತರವನ್ನೂ ಅವರೇ ಇಟ್ಟುಕೊಂಡಿರುತ್ತಾರೆ, ಲೋಕೋ ಪೈಲಟ್ ಅಂತ, ಅಂದರೆ ಎಂಜಿನ್ ಓಡಿಸುವವರು. ಅವರ ವಯಸ್ಸಿನಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಈಗ ಹನ್ನೆರಡು ವರ್ಷದಿಂದ ಸ್ಟೇಷನ್ ಮಾಸ್ಟರ್ ಆಗಿದ್ದೇನೆ. ಅವರಿಗೆ ನಿಂತ ಕಾಲಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಸಕಲೇಶಪುರದ ಕಡೆ. ನಾನು ಚಿಕ್ಕವನಿದ್ದಾಗ ಅಲ್ಲಿದ್ದದ್ದು ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ. ಘಾಟಿ ಇಳಿದು ಮಂಗಳೂರಿಗೆ ಹೋಗುವ ಆ ಲೈನ್ ಶುರುವಾಗಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. 50 ಅಡಿ ಮುಂದೆ ಹೋದರೆ 1 ಅಡಿ ಏರು. 1996ರಲ್ಲಿ ಗೇಜ್ ಬದಲಾಯಿಸಲು ಘಾಟಿಯನ್ನು ಮುಚ್ಚಿದರು. ಆಗ ನನಗೆ ಒಂಬತ್ತು ವರ್ಷ. ಘಾಟಿಯಲ್ಲಿ ಮತ್ತೆ ಪ್ಯಾಸೆಂಜರ್ ರೈಲು ಓಡಿದ್ದು 2007ರ ಕೊನೆಗೆ. ಅಷ್ಟು ವರ್ಷ ಕಾದವನಿಗೆ ಎಂಜಿನ್ ಒಳಗೆ ಕೂರಬೇಕು ಅನ್ನೋದು ಬಿಟ್ಟು ಬೇರೆ ಆಸೆಯೇ ಇರಲಿಲ್ಲ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆ ಬರೆದೆ. ನನ್ನ ಜೊತೆ ಬೇಲಿ ಹತ್ತಿ ರೈಲು ನೋಡುತ್ತಿದ್ದ ಪಕ್ಕದ ಮನೆಯ ಗೆಳೆಯನೂ ಬರೆದ. ಇಬ್ಬರೂ ಪಾಸಾದೆವು. ಮೆಡಿಕಲ್‌ನಲ್ಲಿ ಅವನು ಉಳಿದ, ನಾನು ಉಳಿಯಲಿಲ್ಲ. ಎಂಜಿನ್ ನಡೆಸುವವರಿಗೆ ಎ-1 ದರ್ಜೆಯ ಕಣ್ಣು ಬೇಕು, ಎರಡೂ ಕಣ್ಣು 6/6. ನನ್ನದು 6/9 ಬಂತು. ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ. ಅವನಿಗೆ ಖುಷಿ ತೋರಿಸಲು ಮನಸ್ಸಾಗಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಸ್ಟೇಷನ್ ಮಾಸ್ಟರಿಗೆ ಎ-2 ಸಾಕು. ಕನ್ನಡಕ ಇಲ್ಲದೆ 6/9 ಇದ್ದರೆ ಆಗುತ್ತದೆ. ಆ ಪರೀಕ್ಷೆಯನ್ನು ಬೇಸರದಲ್ಲೇ ಬರೆದೆ, ಸಿಕ್ಕಿತು. ರೂಮಿನಲ್ಲಿ ಕೂತು ಬಟನ್ ಒತ್ತುವ ಕೆಲಸ ಅಂತ ನನ್ನ ಲೆಕ್ಕ.

ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಸಂಜೆ ಪಾಳಿ. ಒಂದು ಗೂಡ್ಸ್ ನಿಲ್ಲದೆ ಥ್ರೂ ಹೋಗುವುದಿತ್ತು. ಪಕ್ಕದ ಸ್ಟೇಷನ್ನಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ತಗೊಂಡು, ಸಿಗ್ನಲ್ ಕೊಟ್ಟು, ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರ್ಮಿಗೆ ಬಂದೆ. ನನ್ನ ಎದುರು ಬದಿಯಲ್ಲಿ, ಹಳಿ ಕೂಡುವ ಪಾಯಿಂಟುಗಳ ಕೆಲಸದಲ್ಲಿ ನಮಗೆ ನೆರವಾಗುವ ಪಾಯಿಂಟ್ಸ್‌ಮನ್ ನಿಂತಿದ್ದರು. ಇಪ್ಪತ್ತೆಂಟು ವರ್ಷ ಸರ್ವಿಸ್ ಆದವರು. ಬಂದಿದ್ದು ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಜೋಡಿ, ಒಂದೊಂದೂ 4000 ಕುದುರೆ ಶಕ್ತಿಯದು. ಹೊಸ ಬಣ್ಣ ಹೊಳೆಯುತ್ತಿತ್ತು. ನಾನು ಬಾವುಟ ತೋರಿಸಿದೆ, ಎಂಜಿನ್ನಿನವರು ಹಾರ್ನ್ ಹೊಡೆದರು. ಎಂಜಿನ್ ದಾಟಿದ ಮೇಲೂ ನನ್ನ ಕತ್ತು ಅದರ ಹಿಂದೆಯೇ ತಿರುಗಿತು. ನಂಬರ್ ಓದಿ ಅಂಗೈ ಮೇಲೆ ಬರೆದುಕೊಂಡೆ. ಚಿಕ್ಕಂದಿನ ಅಭ್ಯಾಸ ಅದು.

ಆ ಹೊತ್ತಿಗೆ ಎದುರಿನಿಂದ ಕೂಗು ಕೇಳಿಸಿತು. ವ್ಯಾಗನ್‌ಗಳ ಸದ್ದಿನಲ್ಲಿ ಮಾತು ಅರ್ಥವಾಗಲಿಲ್ಲ. ಪಾಯಿಂಟ್ಸ್‌ಮನ್ ಕೆಂಪು ಬಾವುಟ ಬಿಚ್ಚಿ ಗಾರ್ಡ್ ಕಡೆಗೆ ಬೀಸುತ್ತಿದ್ದರು. ನಡುವಿನ ಒಂದು ವ್ಯಾಗನ್ನಿನಲ್ಲಿ ಬ್ರೇಕ್ ಬೈಂಡಿಂಗ್ ಆಗಿತ್ತು. ಅಂದರೆ ಬ್ರೇಕ್ ಬಿಟ್ಟರೂ ಬ್ರೇಕ್ ಬ್ಲಾಕ್ ಚಕ್ರವನ್ನು ಬಿಟ್ಟಿರಲಿಲ್ಲ. ಚಕ್ರ ಉಜ್ಜಿಕೊಂಡು ಹೊಗೆ, ಸುಟ್ಟ ವಾಸನೆ. ಹಾಗೇ ಓಡಿದರೆ ಬೆಂಕಿ ಕಾಣಿಸಬಹುದು, ಚಕ್ರ ಜಾರಿ ಒಂದೇ ಕಡೆ ಸವೆದು ಚಪ್ಪಟೆಯಾಗಬಹುದು. ಆ ವ್ಯಾಗನ್ ನನ್ನ ಕಣ್ಣ ಮುಂದೆಯೇ ಹೋಗಿತ್ತು. ನಾನು ನೋಡಿರಲಿಲ್ಲ.

ವಾಕಿಟಾಕಿಯಲ್ಲಿ ಹೇಳಿ ಗಾಡಿ ನಿಲ್ಲಿಸಿದೆವು. ಗಾರ್ಡ್ ಮತ್ತು ಅಸಿಸ್ಟೆಂಟ್ ಲೋಕೋ ಪೈಲಟ್ ಕಲ್ಲಿನ ಮೇಲೆ ನಡೆದು ಬಂದು ಆ ವ್ಯಾಗನ್ನಿನ ಬ್ರೇಕನ್ನು ಉಳಿದವುಗಳಿಂದ ಬೇರ್ಪಡಿಸಿ, ಕೈಯಲ್ಲಿ ರಿಲೀಸ್ ಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಗಾಡಿ ಹೋದ ಮೇಲೆ ಪಾಯಿಂಟ್ಸ್‌ಮನ್ ಒಳಗೆ ಬಂದು ನೀರು ಕುಡಿದರು. ನನ್ನ ಅಂಗೈ ನೋಡಿದರು. ಬೈಯಲಿಲ್ಲ.

"ಎಂಜಿನ್ ನಂಬರ್ ರಿಜಿಸ್ಟರಲ್ಲಿ ಹೇಗೂ ಬರುತ್ತೆ ಮಾಸ್ಟ್ರೇ. ಚಕ್ರದ್ದು ಎಲ್ಲೂ ಬರಲ್ಲ. ಅದನ್ನ ನಾವೇ ನೋಡ್ಬೇಕು."

ನನಗೆ ಕೆಲಸ ಕಲಿಸಿದ ಮಾತು ಇದು. ಅಲ್ಲಿವರೆಗೆ ನಾನು ರೈಲಿನ ಅಭಿಮಾನಿಯಾಗಿ ಪ್ಲಾಟ್‌ಫಾರ್ಮಲ್ಲಿ ನಿಲ್ಲುತ್ತಿದ್ದೆ. ಅಭಿಮಾನಿಗೆ ಎಂಜಿನ್ ಬಂದರೆ ರೈಲು ಬಂದ ಹಾಗೆ. ಸ್ಟೇಷನ್ ಮಾಸ್ಟರಿಗೆ ಕೊನೆಯ ಬೋಗಿ ದಾಟಿದರೆ ಮಾತ್ರ ರೈಲು ಬಂದ ಹಾಗೆ. ಕೊನೆಯ ಬೋಗಿಯ ಹಿಂದೆ ಹಗಲಲ್ಲಿ ಎಲ್‌ವಿ (ಲಾಸ್ಟ್ ವೆಹಿಕಲ್, ಕೊನೆಯ ಬೋಗಿ) ಬೋರ್ಡ್ ಇರಬೇಕು, ರಾತ್ರಿ ಮಿನುಗುವ ಕೆಂಪು ದೀಪ. ಪ್ಯಾಸೆಂಜರ್ ಬೋಗಿ ಹಿಂದೆ ದೊಡ್ಡ ಹಳದಿ ಗುಣಾಕಾರದ ಗುರುತನ್ನು ನೀವೂ ನೋಡಿರುತ್ತೀರಿ. ಅದು ಕಾಣದಿದ್ದರೆ? ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆ ಕತ್ತಲಲ್ಲೇ ಉಳಿದಿರಬಹುದು. ಅದನ್ನು ನೋಡದೆ ಹಿಂದಿನ ಸ್ಟೇಷನ್ನಿಗೆ "ಗಾಡಿ ಪೂರ್ತಿ ಬಂತು" ಅಂದರೆ, ಅವರು ಮುಂದಿನ ಗಾಡಿಯನ್ನು ಅದೇ ಹಳಿಗೆ ಬಿಡುತ್ತಾರೆ. ಈಗ ಎಷ್ಟೋ ಕಡೆ ಆಕ್ಸಲ್ ಕೌಂಟರ್ ಬಂದಿದೆ. ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ಹೋದ ಆಕ್ಸಲ್ (ಜೋಡಿ ಚಕ್ರದ ಅಚ್ಚು) ಎಷ್ಟು, ಹೊರಗೆ ಬಂದಿದ್ದು ಎಷ್ಟು ಅಂತ ಅದೇ ಎಣಿಸುತ್ತದೆ. ಆದರೂ ನಾನು ಕಣ್ಣಲ್ಲಿ ನೋಡದೆ ರೂಮಿಗೆ ಬರುವುದಿಲ್ಲ.

ಈಗ ನಾನು ನೋಡುವ ರೀತಿಯೇ ಬೇರೆ. ನಾನೂ ಎಂಜಿನ್ನಿನಲ್ಲಿರುವವರೂ ಒಬ್ಬರಿಗೊಬ್ಬರು ಹಸಿರು ಸಿಗ್ನಲ್ ತೋರಿಸಿಕೊಂಡ ತಕ್ಷಣ ಕಣ್ಣು ಕೆಳಗಿಳಿಯುತ್ತದೆ. ಚಕ್ರ ತಿರುಗುತ್ತಿದೆಯಾ, ಏನಾದರೂ ನೇತಾಡುತ್ತಿದೆಯಾ, ಬಾಗಿಲು ತೆರೆದಿದೆಯಾ, ಕಿಡಿ ಇದೆಯಾ. ರಾತ್ರಿ ಕಿವಿ, ಮೂಗು ಜಾಸ್ತಿ ಕೆಲಸಕ್ಕೆ ಬರುತ್ತವೆ. ಚಪ್ಪಟೆಯಾದ ಚಕ್ರ ಟಪ್ ಟಪ್ ಅಂತ ಒಂದೇ ತಾಳ ಹಾಕುತ್ತದೆ. ಆಕ್ಸಲ್ ಕಾದರೆ ಗ್ರೀಸ್ ಸುಟ್ಟ ವಾಸನೆ ಮೊದಲು ಬರುತ್ತದೆ. 58 ವ್ಯಾಗನ್ನಿನ ಗಾಡಿ ಜೋರಾಗಿದ್ದರೆ ಒಂದು ನಿಮಿಷಕ್ಕೂ ಮೊದಲೇ ದಾಟಿ ಹೋಗುತ್ತದೆ. ಆ ಒಂದು ನಿಮಿಷ ನನಗೆ ಬೇರೆ ಯೋಚನೆ ಇರುವುದಿಲ್ಲ. ರೈಲನ್ನು ಇಷ್ಟು ಆಳವಾಗಿ ನಾನು ಬೇಲಿ ಹತ್ತಿ ಯಾವತ್ತೂ ನೋಡಿರಲಿಲ್ಲ. ಅದಕ್ಕೇ ಹುಡುಗರಿಗೆ ಹೇಳುವುದು, ರೈಲು ನೋಡುವುದೇ ನಿಮ್ಮ ಖುಷಿ ಆಗಿದ್ದರೆ ಎಂಜಿನ್ನಿಗಿಂತ ಇಲ್ಲಿ ಜಾಸ್ತಿ ಸಿಗುತ್ತದೆ ಅಂತ.

ಕಷ್ಟವನ್ನೂ ಹೇಳಬೇಕು. ನನ್ನ ಸ್ಟೇಷನ್ನಿನಲ್ಲಿ ಎಂಟು ಗಂಟೆ ಪಾಳಿ, ಕೆಲವು ಚಿಕ್ಕ ಸ್ಟೇಷನ್ನುಗಳಲ್ಲಿ ಹನ್ನೆರಡು. ಯುಗಾದಿ, ದೀಪಾವಳಿ ಲೆಕ್ಕಕ್ಕಿಲ್ಲ. ಮಗಳ ಮೊದಲ ಹುಟ್ಟುಹಬ್ಬದ ರಾತ್ರಿ ಸಿಗ್ನಲ್ ಕೆಟ್ಟಿತ್ತು, ಮಳೆಯಲ್ಲಿ ನಿಂತಿದ್ದೆ. ಪಾಯಿಂಟ್ ಕೈ ಕೊಟ್ಟರೆ ಅದನ್ನು ಕೈಯಲ್ಲೇ ತಿರುಗಿಸಲು ಕ್ರ್ಯಾಂಕ್ ಹ್ಯಾಂಡಲ್ ಹಿಡಿದು ಹೋಗಬೇಕು. ಲೆವೆಲ್ ಕ್ರಾಸಿಂಗ್ ಗೇಟಿನವರ ಜೊತೆ ಫೋನಿನಲ್ಲಿ ಪ್ರೈವೇಟ್ ನಂಬರ್ (ಮಾತು ಖಚಿತ ಅನ್ನುವ ಗುಟ್ಟಿನ ಅಂಕಿ) ಕೊಟ್ಟು ತಗೊಳ್ಳುವಾಗ ನಿದ್ದೆಗಣ್ಣಲ್ಲಿ ಒಂದು ಅಂಕಿ ತಪ್ಪಬಾರದು. ಸಣ್ಣದು ಅನ್ನುವ ಕೆಲಸ ಇಲ್ಲಿ ಯಾವುದೂ ಇಲ್ಲ.

ಬೇರೆ ಕೆಲಸಗಳನ್ನೂ ಇದೇ ಪ್ಲಾಟ್‌ಫಾರ್ಮಿಂದ ನೋಡಿದ್ದೇನೆ. ಗಾರ್ಡ್‌ಗೆ 2022ರಿಂದ ಟ್ರೈನ್ ಮ್ಯಾನೇಜರ್ ಅಂತ ಹೆಸರು. ಒಬ್ಬರೇ ಇರಲು ಇಷ್ಟಪಡುವವರಿಗೆ ಅದು ಒಗ್ಗುತ್ತದೆ, ಆದರೆ ಗೂಡ್ಸ್ ಗಾಡಿಯ ಬ್ರೇಕ್ ವ್ಯಾನಿನಲ್ಲಿ ರಾತ್ರಿಯೆಲ್ಲಾ ಕೂರುವುದು ಸುಲಭವಲ್ಲ. ಟೈಮ್ ಟೇಬಲ್ ಬಾಯಿಪಾಠ ಮಾಡುವ ಹುಡುಗರಿದ್ದಾರಲ್ಲ, ಯಾವ ಗಾಡಿ ಎಲ್ಲಿ ಯಾವುದನ್ನು ದಾಟುತ್ತದೆ ಅಂತ ಹೇಳುವವರು, ಅವರಿಗೆ ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿಗಳ ಓಡಾಟ ನಿರ್ಧರಿಸುವ ಸೆಕ್ಷನ್ ಕಂಟ್ರೋಲರ್ ಕೆಲಸವೇ ಸರಿ. ಅಲ್ಲಿ ಒಂದು ರೈಲೂ ಕಣ್ಣಿಗೆ ಬೀಳುವುದಿಲ್ಲ, ಆದರೆ ಎಲ್ಲಾ ರೈಲೂ ಅವರ ಮಾತಿನಂತೆ ಓಡುತ್ತವೆ.

ಕೀಮನ್ ಆಗಬೇಕು ಅಂತ ಮಾತ್ರ ಇದುವರೆಗೆ ಒಬ್ಬ ಹುಡುಗನೂ ನನ್ನ ಹತ್ತಿರ ಹೇಳಿಲ್ಲ. ದಿನಾ ತನ್ನ ಪಾಲಿನ ಹಳಿಯನ್ನು ಪೂರ್ತಿ ನಡೆದು, ಸಡಿಲವಾದ ಕ್ಲಿಪ್ಪುಗಳನ್ನು ಬಡಿದು ಕೂರಿಸುವವರು ಅವರು. ಮಳೆಗಾಲದಲ್ಲಿ ಪೆಟ್ರೋಲಿಂಗ್‌ನವರು ರಾತ್ರಿ ದೀಪ ಹಿಡಿದು ಹಳಿ ಮೇಲೆ ನಡೆಯುತ್ತಾರೆ. ನಮ್ಮ ಘಾಟಿಯಲ್ಲಿ 2018ರಲ್ಲೂ ಗುಡ್ಡ ಕುಸಿದಿತ್ತು, 2024ರ ಜುಲೈ ಕೊನೆಯಲ್ಲೂ ಕಡಗರವಳ್ಳಿ ಮತ್ತು ಯಡಕುಮರಿ ನಡುವೆ ಕುಸಿಯಿತು. ಅಂಥ ಜಾಗದಲ್ಲಿ ಸುರಿಯುವ ಮಳೆಯಲ್ಲಿ ನಡೆಯುವುದು ಅಂದರೆ ಏನು ಅಂತ ಯೋಚಿಸಿ. ಯಾವ ಊರಿನ ಕೀಮನ್ ಸ್ಟೇಷನ್ನಿಗೆ ಬಂದರೂ ನಾನು ಎದ್ದು ನಿಂತು ಟೀ ಕೊಡುತ್ತೇನೆ.

ಅರ್ಜಿ ಹಾಕುವವರಿಗೆ ನನ್ನ ಅನುಭವದಿಂದ ಒಂದು ಮಾತು. ಪುಸ್ತಕ ಕೊಳ್ಳುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದೂರದ ನೋಟ, ಬಣ್ಣ ಗುರುತಿಸುವುದು ಎರಡನ್ನೂ ಪರೀಕ್ಷೆ ಮಾಡಿಸಿ. ಕನ್ನಡಕ ಬಿಡಲು ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಮಾಡಿಸಿಕೊಂಡವರನ್ನು ಲೋಕೋ ಪೈಲಟ್ ಹುದ್ದೆಗೆ ತೆಗೆದುಕೊಳ್ಳುವುದಿಲ್ಲ. ಇದು ಗೊತ್ತಿಲ್ಲದೆ ಎರಡು ಮೂರು ವರ್ಷ ಕಳೆದುಕೊಂಡ ಹುಡುಗರನ್ನು ನೋಡಿ ಹೊಟ್ಟೆ ಉರಿದಿದೆ.

ನನ್ನ ಆ ಗೆಳೆಯ ಈಗ ಗೂಡ್ಸ್ ಲೋಕೋ ಪೈಲಟ್. ಒಮ್ಮೆ ಊರಿನ ಜಾತ್ರೆಯಲ್ಲಿ ಸಿಕ್ಕಾಗ ಹೇಳಿದ, "ನಾನು ಓಡಿಸೋ ಗಾಡೀನ ನಾನೇ ಪೂರ್ತಿ ನೋಡಿಲ್ಲ ಕಣೋ. ತಿರುವಲ್ಲಿ ಹಿಂದೆ ತಿರುಗಿ ನೋಡಿದಾಗ ಕಂಡಷ್ಟೇ. ನೀನು ಪುಣ್ಯವಂತ."

ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಅವನ ಗಾಡಿ ನನ್ನ ಸ್ಟೇಷನ್ ಮೇಲೆ ಬಂತು. ದೂರದಿಂದಲೇ ವಾಕಿಟಾಕಿಯಲ್ಲಿ ಅವನ ದನಿ. ಹಿಂದಿನ ಸ್ಟೇಷನ್ನಿನಲ್ಲಿ ಎಂಟನೇ ವ್ಯಾಗನ್ನಿನ ಬ್ರೇಕ್ ಬಿಡಿಸಿಕೊಂಡು ಬಂದಿದ್ದೇನೆ, ಸ್ವಲ್ಪ ನೋಡು ಅಂದ. ಹಸಿರು ದೀಪ ತೋರಿಸಿದೆ. ಕ್ಯಾಬಿನ ಕಿಟಕಿಯಲ್ಲಿ ಅವನ ದೀಪವೂ ಆಡಿತು. ಮುಖ ಕಾಣಲಿಲ್ಲ. ನಾನು ಎಣಿಸತೊಡಗಿದೆ. ಎಂಟನೆಯದು ಬಂತು. ಹೊಗೆ ಇಲ್ಲ, ವಾಸನೆ ಇಲ್ಲ, ಚಕ್ರ ಸರಾಗವಾಗಿ ತಿರುಗುತ್ತಿತ್ತು. ಉಳಿದವನ್ನೂ ನೋಡಿದೆ. ಕೊನೆಗೆ ಕೆಂಪು ದೀಪ ಮಿನುಗುತ್ತಾ ದಾಟಿತು.

"ಎಂಟನೇದು ಸರಿ ಇದೆ. ಗಾಡಿ ಪೂರ್ತಿ ನೋಡಿದೆ. ಹೋಗ್ಬಾ" ಅಂದೆ.

ಅವನು ಉದ್ದಕ್ಕೆ ಒಂದು ಹಾರ್ನ್ ಹೊಡೆದ. ನಾನು ಒಳಗೆ ಬಂದು ರಿಜಿಸ್ಟರಿನಲ್ಲಿ ಸಮಯ ಬರೆದೆ.