ಉಪ್ಪುನೀರಿನ ಟ್ಯಾಂಕ್: ಲೀಟರ್ ಲೆಕ್ಕ ಬಿಡಿ, ಸಂದಿ ಎಣಿಸಿ

ಗಪ್ಪಿ, ಟೆಟ್ರಾದಂಥ ಸಿಹಿನೀರಿನ ಮೀನು ಸಾಕಿ ಉಪ್ಪುನೀರಿನತ್ತ ಬಂದವರು ಮೊದಲು ಕೇಳುವುದು "ಎಷ್ಟು ಲೀಟರಿಗೆ ಎಷ್ಟು ಮೀನು ಬಿಡಬಹುದು?" ಎಂದು. ಹವಳದ ದಿಬ್ಬದ ಮೀನುಗಳು ಜಗಳವಾಡುವುದು ನೀರಿಗಾಗಿ ಅಲ್ಲ. ರಾತ್ರಿ ಮಲಗುವ ಸಂದಿಗಾಗಿ, ಮೇಯುವ ಪಾಚಿಗಾಗಿ, ತನ್ನದೇ ಆಕಾರದ ಇನ್ನೊಂದು ಮೀನು ಎದುರು ಬಂತೆಂಬ ಕಾರಣಕ್ಕಾಗಿ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಟ್ಯಾಂಕಿನ ಕಲ್ಲುಗಳಲ್ಲಿ ಪ್ರತ್ಯೇಕ ಅಡಗುದಾಣ ಎಷ್ಟಿವೆ ಎಂದು ಎಣಿಸಿ. ಮೀನುಗಳ ಸಂಖ್ಯೆಗಿಂತ ಅವು ಎರಡಾದರೂ ಹೆಚ್ಚಿರಲಿ.

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕನ್ನೇ ತೆಗೆದುಕೊಳ್ಳೋಣ. ಲೆಕ್ಕಕ್ಕೆ 255 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಉಳಿಯುವ ನೀರು 200ರ ಆಸುಪಾಸು. ಇದಕ್ಕೆ ಏಳು ಸಣ್ಣ ಮೀನು ಸಾಕು: ಒಸೆಲ್ಲಾರಿಸ್ ಕ್ಲೌನ್‌ಫಿಶ್ ಜೋಡಿ, ಒಂದು ಬಂಗಾಯ್ ಕಾರ್ಡಿನಲ್, ಒಂದು ಫೈರ್‌ಫಿಶ್, ಒಂದು ಹಳದಿ ವಾಚ್‌ಮನ್ ಗೋಬಿ, ಒಂದು ಟೇಲ್‌ಸ್ಪಾಟ್ ಬ್ಲೆನ್ನಿ, ಒಂದು ರಾಯಲ್ ಗ್ರಾಮಾ. ಒಂದೊಂದಕ್ಕೂ ಬೇರೆ ನೆಲೆ. ಕಾರ್ಡಿನಲ್ ನಡುನೀರಿನಲ್ಲಿ ತೇಲುತ್ತದೆ, ಗೋಬಿ ಮರಳಿನ ಬಿಲದಲ್ಲಿರುತ್ತದೆ, ಬ್ಲೆನ್ನಿ ಕಲ್ಲಿನ ತೂತಿನಿಂದ ತಲೆಯಷ್ಟೇ ಹೊರಹಾಕುತ್ತದೆ, ಗ್ರಾಮಾಕ್ಕೆ ಚಾಚಿದ ಕಲ್ಲಿನ ಅಡಿಭಾಗ ಬೇಕು.

ಗ್ರಾಮಾ ಕೊಳ್ಳುವಾಗ ಕಣ್ಣಿಟ್ಟು ನೋಡಿ. ಅದರ ಹೆಸರಿನಲ್ಲಿ ಎಷ್ಟೋ ಸಲ ಬೈಕಲರ್ ಡಾಟಿಬ್ಯಾಕ್ ಮನೆಗೆ ಬರುತ್ತದೆ. ಎರಡೂ ಮುಂದೆ ನೇರಳೆ, ಹಿಂದೆ ಹಳದಿ. ಗ್ರಾಮಾದಲ್ಲಿ ಎರಡು ಬಣ್ಣ ನಿಧಾನವಾಗಿ ಬೆರೆಯುತ್ತವೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಗೆರೆ ಹೊಡೆದಂತೆ ಬಣ್ಣ ಬದಲಾಗುತ್ತದೆ, ಚುಕ್ಕೆ ಇರುವುದಿಲ್ಲ. ಈ ಡಾಟಿಬ್ಯಾಕ್ ಫೈರ್‌ಫಿಶ್‌ನಂಥ ಪಾಪದ ಮೀನನ್ನು ಮೂಲೆಗೆ ಒತ್ತಿ ಉಪವಾಸ ಕೆಡವುತ್ತದೆ.

ಕ್ಲೌನ್‌ಫಿಶ್‌ಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ, ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಬೆಳೆದ ಎರಡನ್ನು ತಂದರೆ ಎರಡೂ ಹೆಣ್ಣಾಗಿರಬಹುದು, ಒಂದು ಸಾಯುವವರೆಗೂ ಕಾದಾಡಬಹುದು. ಗಾತ್ರದಲ್ಲಿ ವ್ಯತ್ಯಾಸವಿರುವ ಎರಡು ಮರಿಗಳನ್ನು ತನ್ನಿ. ಕೆಲವೇ ದಿನಗಳಲ್ಲಿ ಚಿಕ್ಕದು ದೊಡ್ಡದರ ಮುಂದೆ ಮಗ್ಗುಲಿಗೆ ವಾಲಿ ಮೈಯನ್ನೆಲ್ಲ ನಡುಗಿಸುವುದು ಕಾಣುತ್ತದೆ. ರೋಗವೆಂದು ಗಾಬರಿಪಟ್ಟು ಔಷಧಿ ಸುರಿಯಬೇಡಿ. ಅದು "ನೀನೇ ದೊಡ್ಡವಳು" ಎಂದು ಒಪ್ಪಿಕೊಳ್ಳುವ ರೀತಿ. ಮೂರನೆಯದನ್ನು ಮಾತ್ರ ಸೇರಿಸಬೇಡಿ, ಜೋಡಿ ಕೂಡಿದ ಮೇಲೆ ಅದಕ್ಕೆ ಉಳಿಗಾಲವಿಲ್ಲ. ಕಡಲಿನಲ್ಲಿ ಅವು ಆಸರೆ ಪಡೆಯುವ ಅನಿಮೋನಿ (ಹೂವಿನಂತೆ ಕಾಣುವ ಮೆತ್ತನೆಯ ಪ್ರಾಣಿ) ಟ್ಯಾಂಕಿನಲ್ಲಿ ಕಡ್ಡಾಯವಲ್ಲ.

ಟ್ಯಾಂಕ್ ಸೈಕಲ್ ಮಾಡಲು, ಅಂದರೆ ವಿಷದ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಸಲು, ಡ್ಯಾಮ್ಸೆಲ್ ಎಂಬ ಗಟ್ಟಿ ಮೀನು ಬಿಡಿ ಎನ್ನುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅಮೋನಿಯಾದಲ್ಲಿ ಮೀನಿಗೆ ಹಿಂಸೆ ಎಂಬುದು ಒಂದು. ಬದುಕುಳಿದ ಡ್ಯಾಮ್ಸೆಲ್ ಇಡೀ ಟ್ಯಾಂಕ್ ತನ್ನದೆಂದುಕೊಳ್ಳುತ್ತದೆ ಎಂಬುದು ಇನ್ನೊಂದು. ಒಂದಿಂಚಿನ ಮುದ್ದಾದ ಡಾಮಿನೋ ಡ್ಯಾಮ್ಸೆಲ್ ಐದು ಇಂಚಿನ ರೌಡಿಯಾಗುತ್ತದೆ. ಬಾಟಲಿಯ ಅಮೋನಿಯಾ ಬಳಸಿ. ನಾಲ್ಕರಿಂದ ಆರು ವಾರದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನಿನ ಮಾತು.

ಬಿಡುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಅಂಜುಬುರುಕರು ಮೊದಲು: ಫೈರ್‌ಫಿಶ್, ಗೋಬಿ. ಫೈರ್‌ಫಿಶ್ ಬೆದರಿದರೆ ನೆಗೆಯುತ್ತದೆ, ಟ್ಯಾಂಕಿನ ಮೇಲೆ ಕಾಲಿಂಚು ಕಣ್ಣಿನ ಬಲೆ ಮೊದಲೇ ಇರಲಿ. ಆಮೇಲೆ ಕಾರ್ಡಿನಲ್, ಕಲ್ಲಿನ ಮೇಲೆ ಪಾಚಿ ಹಿಡಿದ ನಂತರ ಬ್ಲೆನ್ನಿ, ನಂತರ ಕ್ಲೌನ್ ಜೋಡಿ, ಕೊನೆಗೆ ಗ್ರಾಮಾ. ಪ್ರತಿಯೊಂದೂ ಬೇರೆ ಟ್ಯಾಂಕಿನಲ್ಲಿ (ಕ್ವಾರಂಟೈನ್ ಟ್ಯಾಂಕ್) ನಾಲ್ಕು ವಾರ ಕಳೆದೇ ಬರಬೇಕು. ಬಿಳಿಚುಕ್ಕೆ ರೋಗ ಒಮ್ಮೆ ಮುಖ್ಯ ಟ್ಯಾಂಕಿಗೆ ಬಂದರೆ ಸಿಗಡಿ, ಹವಳ ಇರುವಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ.

ತಂದ ಚೀಲದ ನೀರಿನ ಉಪ್ಪನ್ನು ರಿಫ್ರಾಕ್ಟೋಮೀಟರಿನಲ್ಲಿ ಅಳೆಯಿರಿ. ಅಂಗಡಿಯಲ್ಲಿ ಸಾಪೇಕ್ಷ ಸಾಂದ್ರತೆ (ಉಪ್ಪು ಹೆಚ್ಚಿದಷ್ಟೂ ಏರುವ ಅಳತೆ) 1.019 ಇದ್ದು ನಿಮ್ಮಲ್ಲಿ 1.025 ಇದ್ದರೆ, ಕ್ವಾರಂಟೈನ್ ಟ್ಯಾಂಕನ್ನೇ 1.019ಕ್ಕೆ ಇಳಿಸಿಟ್ಟು ದಿನಕ್ಕೆ 0.001ರಂತೆ ಏರಿಸಿ. ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವುದು ದೂರದಿಂದ ಬಂದ ಮೀನಿಗೆ ಅಪಾಯ: ಬಿಚ್ಚಿದೊಡನೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಚೀಲದಲ್ಲಿ ಸೇರಿದ್ದ ಅಮೋನಿಯಾ ವಿಷವಾಗುತ್ತದೆ.

ವಾಚ್‌ಮನ್ ಗೋಬಿಗೆ ಪಿಸ್ತೂಲ್ ಸಿಗಡಿಯೊಂದನ್ನು ಜೊತೆ ಮಾಡಿದರೆ ನೋಡುವ ಸುಖವೇ ಬೇರೆ. ಅಷ್ಟೇನೂ ಕಣ್ಣು ಕಾಣದ ಸಿಗಡಿ ಬಿಲ ತೋಡುತ್ತಾ ಒಂದು ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡಿರುತ್ತದೆ. ಗೋಬಿ ಬಾಲ ಅಲುಗಿಸಿದರೆ ಎರಡೂ ಒಳಗೆ. ಆದರೆ ಕಲ್ಲುಗಳನ್ನು ಮರಳಿನ ಮೇಲಲ್ಲ, ಟ್ಯಾಂಕಿನ ತಳಕ್ಕೇ ಕೂರಿಸಿರಬೇಕು. ಇಲ್ಲವಾದರೆ ಬಿಲ ತೋಡಿದಂತೆ ಕಲ್ಲು ಕುಸಿದು ಅವುಗಳ ಮೇಲೇ ಬೀಳುತ್ತದೆ.

ನೀಲಿ ಟ್ಯಾಂಗ್ ಒಂದಡಿ ಬೆಳೆಯುತ್ತದೆ, ನಾಲ್ಕಡಿ ಟ್ಯಾಂಕಿಗೆ ಬೇಡ. ಲಯನ್‌ಫಿಶ್ ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ಮ್ಯಾಂಡರಿನ್ ಯಾರಿಗೂ ತೊಂದರೆ ಕೊಡದು, ಆದರೆ ಅದು ತಿನ್ನುವ, ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳು ಮುಗಿದ ದಿನದಿಂದ ಸೊರಗುತ್ತದೆ. ವರ್ಷ ತುಂಬದ ಟ್ಯಾಂಕಿಗೆ ತರಬೇಡಿ. ಕಡಲಕುದುರೆ, ಗಟ್ಟಿ ಹವಳ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ತುಂಡನ್ನೂ ಎತ್ತಿ ತರಬೇಡಿ.

ಹೊಸ ಮೀನನ್ನು ತೂತು ಕೊರೆದ ಪಾರದರ್ಶಕ ಡಬ್ಬಿಯಲ್ಲಿ ಮೂರ್ನಾಲ್ಕು ದಿನ ಟ್ಯಾಂಕಿನೊಳಗೇ ಇಡಿ, ದೀಪ ಆರಿದ ಮೇಲೆ ಬಿಡಿ. ಮೊದಲೆರಡು ದಿನ ಅಟ್ಟಾಡಿಸುವುದು ಸಾಮಾನ್ಯ. ರೆಕ್ಕೆ ಹರಿದಿದ್ದರೆ, ಮೇಲಿನ ಮೂಲೆಗೆ ಅಂಟಿಕೊಂಡು ಊಟಕ್ಕೂ ಇಳಿಯದಿದ್ದರೆ ಕಾಯಬೇಡಿ. ಹೊರಗೆ ತೆಗೆಯಬೇಕಾದದ್ದು ಹೊಡೆಯುವ ಮೀನನ್ನು. ಅದನ್ನು ಡಬ್ಬಿಯಲ್ಲಿ ಕೂಡಿ ಒಂದು ವಾರ ಇಟ್ಟು, ನಾಲ್ಕೈದು ಕಲ್ಲುಗಳ ಜಾಗ ಬದಲಿಸಿ ಮತ್ತೆ ಬಿಡಿ. ಹಳೆಯ ಎಲ್ಲೆ ಅಳಿಸಿಹೋಗಿರುವುದರಿಂದ ಈ ಸಲ ಹೊಸಬ ಅದೇ.