ಟಿವಿ ಶೋ ಮಾಡುತ್ತಿದ್ದವರು ಅಮೆರಿಕದ ಅಧ್ಯಕ್ಷರಾಗಿದ್ದು ಹೇಗೆ?

ಅಮೆರಿಕದ ಇತಿಹಾಸದ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ರೀ, ಅಷ್ಟು ದೊಡ್ಡ ದೇಶ, ಅಷ್ಟೊಂದು ಓದಿದ ಜನ. ಟಿವಿ ಶೋ ಮಾಡ್ತಿದ್ದವರನ್ನ ಅಧ್ಯಕ್ಷರನ್ನಾಗಿ ಹೇಗೆ ಆರಿಸಿದ್ರು? ಅಲ್ಲಿ ರಾಜಕೀಯ ಮನರಂಜನೆ ಆಗಿದ್ದು ಯಾವಾಗ?" ಎಷ್ಟೋ ಸಲ ಉತ್ತರವನ್ನೂ ಅವರೇ ಹೇಳುತ್ತಾರೆ. ಕೆಲವರಿಗೆ ಅದು 2016, ಡೊನಾಲ್ಡ್ ಟ್ರಂಪ್. ಸ್ವಲ್ಪ ಹಿರಿಯರಿಗೆ 1980, ಸಿನಿಮಾ ನಟರಾಗಿದ್ದ ರೊನಾಲ್ಡ್ ರೇಗನ್.

ನನ್ನ ಉತ್ತರ 1952. ಆ ವರ್ಷ ಅಧ್ಯಕ್ಷ ಸ್ಥಾನದ ಪೈಪೋಟಿಯಲ್ಲಿ ಯಾವ ನಟನೂ ಇರಲಿಲ್ಲ. ಇದ್ದವರು ಎರಡನೇ ಮಹಾಯುದ್ಧದಲ್ಲಿ ಸೇನೆ ಮುನ್ನಡೆಸಿದ್ದ ಜನರಲ್ ಡ್ವೈಟ್ ಐಸೆನ್‌ಹೋವರ್. ಅವರ ಪ್ರಚಾರಕ್ಕೆ ಸೇರಿಕೊಂಡವರಲ್ಲಿ ಒಬ್ಬರು ರಾಸರ್ ರೀವ್ಸ್, ಜಾಹೀರಾತು ಪ್ರಪಂಚದ ದೊಡ್ಡ ಹೆಸರು. ತಲೆನೋವಿನ ಮಾತ್ರೆ ಅನಾಸಿನ್ ಜಾಹೀರಾತು ಕೂಡ ಅವರದೇ. ರೀವ್ಸ್ ಇಪ್ಪತ್ತು ಸೆಕೆಂಡಿನ ಟಿವಿ ತುಣುಕುಗಳನ್ನು ಮಾಡಿಸಿದರು. ಒಬ್ಬ ಸಾಮಾನ್ಯ ಮನುಷ್ಯ ಬೆಲೆ ಏರಿಕೆಯ ಬಗ್ಗೆ ಕೇಳುತ್ತಾನೆ. ಐಸೆನ್‌ಹೋವರ್ ಚಿಕ್ಕದಾಗಿ ಉತ್ತರ ಕೊಡುತ್ತಾರೆ. ನೋಡುವವರಿಗೆ ಇಬ್ಬರೂ ಎದುರುಬದುರು ನಿಂತು ಮಾತಾಡಿದ ಹಾಗೆ ಕಾಣುತ್ತಿತ್ತು.

ಅವರು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಸುಮಾರು 40 ಉತ್ತರಗಳನ್ನು ಒಂದೇ ದಿನದಲ್ಲಿ ಮೊದಲು ಚಿತ್ರೀಕರಿಸಿದ್ದರು. ಆಮೇಲೆ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ನೋಡಲು ಬಂದ ಪ್ರವಾಸಿಗರನ್ನು ಕರೆತಂದು, ಆ ಉತ್ತರಗಳಿಗೆ ಹೊಂದುವ ಪ್ರಶ್ನೆಗಳನ್ನು ಓದಿಸಿದರು. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಎರಡನ್ನೂ ಸೇರಿಸಿದ್ದು ಸಂಕಲನದ ಮೇಜಿನ ಮೇಲೆ. ಅಮೆರಿಕದ ರಾಜಕೀಯ ಟಿವಿ ಶೋ ಆಗಿದ್ದು ಇಲ್ಲಿಂದ ಅಂತ ನಾನು ಹೇಳುವುದು ಇದಕ್ಕೇ. ನಟರು ರಾಜಕೀಯಕ್ಕೆ ಬರುವ ಮೊದಲೇ ರಾಜಕಾರಣಿಗಳು ಸ್ಟುಡಿಯೋಗೆ ಹೋಗಿದ್ದರು. ಐಸೆನ್‌ಹೋವರ್ ಅಧ್ಯಕ್ಷರಾದ ಮೇಲಂತೂ ರಾಬರ್ಟ್ ಮಾಂಟ್ಗೊಮರಿ ಎಂಬ ಸಿನಿಮಾ ನಟ ಶ್ವೇತಭವನದಲ್ಲೇ ಅವರಿಗೆ ಟಿವಿ ಸಲಹೆಗಾರರಾಗಿದ್ದರು. ರೇಗನ್ ಆ ಮನೆಗೆ ಬರುವುದಕ್ಕೆ ಕಾಲು ಶತಮಾನ ಮೊದಲು!

ಆ ಜಾಹೀರಾತುಗಳಿಂದಲೇ ಐಸೆನ್‌ಹೋವರ್ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಅವು ಇಲ್ಲದಿದ್ದರೂ ಅವರು ಗೆಲ್ಲುತ್ತಿದ್ದರು. ಆಗಿನ 48 ರಾಜ್ಯಗಳಲ್ಲಿ 39 ಅವರ ಪಾಲಾದವು. ಆದರೆ ಆ ಕಾಲದ ಟಿವಿ ಎಷ್ಟು ದೊಡ್ಡದಾಗಿತ್ತು ಅಂತ ತಿಳಿಯಲು ಒಂದು ಲೆಕ್ಕ ಸಾಕು. 1953ರ ಜನವರಿ 19ರಂದು 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ನಾಯಕಿಗೆ ಮಗು ಹುಟ್ಟಿತು. ಅದನ್ನು ನೋಡಿದವರು ಸುಮಾರು 4.4 ಕೋಟಿ ಜನ. ಮಾರನೇ ದಿನ ಐಸೆನ್‌ಹೋವರ್ ಪ್ರಮಾಣವಚನ. ಅದನ್ನು ನೋಡಿದವರು ಸುಮಾರು 2.9 ಕೋಟಿ.

ಇಷ್ಟು ಹೇಳಿದ ಮೇಲೆ "ಹಾಗಾದರೆ ಟಿವಿಯೇ ಎಲ್ಲ ಹಾಳು ಮಾಡಿತು ಅಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ.

1954ರ ವಸಂತದಲ್ಲಿ ಏನಾಯಿತು ನೋಡಿ. ಸೆನೆಟರ್ ಜೋಸೆಫ್ ಮೆಕಾರ್ಥಿ ನಾಲ್ಕು ವರ್ಷಗಳಿಂದ ಕಂಡಕಂಡವರ ಮೇಲೆ ಕಮ್ಯುನಿಸ್ಟ್ ಎಂಬ ಆರೋಪ ಹೊರಿಸುತ್ತಿದ್ದರು. ಎಷ್ಟೋ ಜನ ಕೆಲಸ ಕಳೆದುಕೊಂಡರು. ಕೊನೆಗೆ ಅವರಿಗೂ ಸೈನ್ಯಕ್ಕೂ ಜಟಾಪಟಿ ಆಗಿ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ದೊಡ್ಡ ಚಾನೆಲ್‌ಗಳಿಗೆ ಹಗಲಿನ ಧಾರಾವಾಹಿಗಳ ಆದಾಯ ಬಿಡಲು ಮನಸ್ಸಿರಲಿಲ್ಲ. ಆಗ ಚಿಕ್ಕದಾಗಿದ್ದ ಎಬಿಸಿಗೆ ಹಗಲಲ್ಲಿ ತೋರಿಸಲು ಜಾಸ್ತಿ ಕಾರ್ಯಕ್ರಮಗಳೇ ಇರಲಿಲ್ಲ. ಹಾಗಾಗಿ ಅದು 36 ದಿನಗಳ ವಿಚಾರಣೆಯನ್ನು ಶುರುವಿನಿಂದ ಕೊನೆವರೆಗೆ ನೇರವಾಗಿ ತೋರಿಸಿತು. ಜೂನ್ 9ರಂದು ಮೆಕಾರ್ಥಿ ಒಬ್ಬ ಯುವ ವಕೀಲನ ಹೆಸರು ಎಳೆದು ತಂದರು. ಸೈನ್ಯದ ಪರ ವಕೀಲ ಜೋಸೆಫ್ ವೆಲ್ಚ್ ತಿರುಗಿ ಕೇಳಿದರು, ನಿಮಗೆ ಸ್ವಲ್ಪವಾದರೂ ಮರ್ಯಾದೆ ಉಳಿದಿಲ್ಲವೇ ಅಂತ. ಲಕ್ಷಾಂತರ ಜನ ಮನೆಯಲ್ಲಿ ಕೂತು ಅದನ್ನು ನೋಡಿದರು. ಡಿಸೆಂಬರಿನಲ್ಲಿ ಸೆನೆಟ್ 67-22 ಮತಗಳಿಂದ ಮೆಕಾರ್ಥಿಗೆ ಛೀಮಾರಿ ಹಾಕಿತು.

ಅದೇ ಟಿವಿ, ಅದೇ ದಶಕ. ಒಂದು ಕಡೆ ಪ್ರಶ್ನೆ, ಉತ್ತರ ಎರಡನ್ನೂ ಕತ್ತರಿಸಿ ಜೋಡಿಸಿದರು. ಇನ್ನೊಂದು ಕಡೆ ಯಾರೂ ಏನನ್ನೂ ಕತ್ತರಿಸಲಿಲ್ಲ. ಜೊತೆಗೆ, ಎದುರು ಕೂತವರಿಗೆ ತಿರುಗಿ ಕೇಳುವ ಹಕ್ಕಿತ್ತು. ಅಮೆರಿಕದ ಈ ಎಪ್ಪತ್ತು ವರ್ಷಗಳ ಕಥೆಯನ್ನು ನಾನು ಓದುವುದು ಈ ಎರಡು ಅಂಶಗಳನ್ನು ಹಿಡಿದುಕೊಂಡು. ತುಣುಕು ಕತ್ತರಿಸಿದ್ದು ಯಾರು? ಎದುರಿಗೆ ಯಾರಿದ್ದರು?

ರೇಗನ್ ವಿಷಯಕ್ಕೆ ಬರೋಣ. ನಮ್ಮವರು ಅವರನ್ನು ಎಂ.ಜಿ.ಆರ್., ಎನ್.ಟಿ.ಆರ್. ಜೊತೆ ಹೋಲಿಸುತ್ತಾರೆ. ಆ ಹೋಲಿಕೆ ಅಷ್ಟು ಸರಿಹೊಂದುವುದಿಲ್ಲ. ಅವರಿಬ್ಬರೂ ತೆರೆಯ ಮೇಲೆ ತಾರೆಗಳಾಗಿ ಬೆಳಗುತ್ತಿದ್ದಾಗಲೇ ಅಭಿಮಾನಿಗಳನ್ನು ಬೆನ್ನಿಗಿಟ್ಟುಕೊಂಡು ಸ್ವಂತ ಪಕ್ಷ ಕಟ್ಟಿದರು. ರೇಗನ್ ರಾಜಕೀಯಕ್ಕೆ ಬರುವ ಹೊತ್ತಿಗೆ ಅವರ ಸಿನಿಮಾ ಬದುಕು ಬಹುತೇಕ ಮುಗಿದಿತ್ತು. ಅವರನ್ನು ರಾಜಕಾರಣಿ ಮಾಡಿದ್ದು ಸಿನಿಮಾ ಅಲ್ಲ, ಒಂದು ಕಂಪನಿಯ ನೌಕರಿ. 1954ರಿಂದ 1962ರವರೆಗೆ ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಭಾನುವಾರದ ಟಿವಿ ನಾಟಕ ಸರಣಿಯ ನಿರೂಪಕರಾಗಿದ್ದರು. ಕಾರ್ಖಾನೆಗಳಿಗೆ ಹೋಗಿ ಕಾರ್ಮಿಕರ ಜೊತೆ ಮಾತಾಡುವುದೂ ಆ ಒಪ್ಪಂದದಲ್ಲೇ ಇತ್ತು. ಅವರಿಗೆ ವಿಮಾನ ಅಂದರೆ ಭಯ. ಹಾಗಾಗಿ ರೈಲಿನಲ್ಲೇ ದೇಶ ಸುತ್ತಿದರು. ಎಂಟು ವರ್ಷ ಯಂತ್ರಗಳ ನಡುವೆ ನಿಂತು, ಊಟದ ಹಾಲ್‌ಗಳಲ್ಲಿ ನಿಂತು, ಜನ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಶುರುವಿನಲ್ಲಿ ಹಾಲಿವುಡ್ ಕಥೆಗಳು. ಬರಬರುತ್ತಾ ತೆರಿಗೆ, ಸರ್ಕಾರದ ಗಾತ್ರ, ಕಮ್ಯುನಿಸಂ. ಡೆಮಾಕ್ರಟಿಕ್ ಪಕ್ಷದಲ್ಲಿದ್ದ ಮನುಷ್ಯ 1962ರಲ್ಲಿ ರಿಪಬ್ಲಿಕನ್ ಆದರು. 1964ರ ಅಕ್ಟೋಬರ್ 27ರಂದು, ಆ ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ ಅವರು ಟಿವಿಯಲ್ಲಿ ಮಾಡಿದ ಭಾಷಣ ದೇಶವನ್ನೇ ಅವರ ಕಡೆ ತಿರುಗಿಸಿತು. ಅದು ಕಾರ್ಖಾನೆಗಳಲ್ಲಿ ಹೇಳಿ ಹೇಳಿ ಹದವಾಗಿದ್ದ ಮಾತು. ಗೋಲ್ಡ್‌ವಾಟರ್ ಬರೀ ಆರು ರಾಜ್ಯ ಗೆದ್ದರು. ರೇಗನ್ ಎರಡೇ ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದರು.

ಅವರ ನೀತಿಗಳನ್ನು ನಾನು ಒಪ್ಪುವುದಿಲ್ಲ. ಶ್ರಮಿಕರ ಸಂಘಗಳ ಬಲ ಕುಗ್ಗಿಸಿದ್ದು ದೊಡ್ಡ ಅನ್ಯಾಯ ಅಂತಲೇ ನಂಬಿದ್ದೇನೆ. ಒಂದು ಕಾಲಕ್ಕೆ ನಟರ ಸಂಘದ ಅಧ್ಯಕ್ಷರಾಗಿದ್ದವರು ಹಾಗೆ ಮಾಡಿದ್ದು ಇನ್ನೂ ನೋವಿನ ವಿಷಯ. ಆದರೆ "ಬರೀ ನಟ" ಅನ್ನುವುದು ಸುಳ್ಳು. ಎದುರಿಗೆ ಜನರನ್ನು ಇಟ್ಟುಕೊಂಡು ಇಷ್ಟು ವರ್ಷ ಮಾತು ಪಳಗಿಸಿಕೊಂಡ ರಾಜಕಾರಣಿಗಳು ಅಲ್ಲಿ ಕಡಿಮೆ.

ಟಿವಿ ಶೋ ತಂತ್ರವನ್ನು ಪೂರ್ತಿಯಾಗಿ ರೂಢಿಸಿಕೊಂಡವರು ನಟರಲ್ಲ, ವಕೀಲರು. ರಿಚರ್ಡ್ ನಿಕ್ಸನ್. ಆರಂಭ 1952ರಲ್ಲೇ. ಐಸೆನ್‌ಹೋವರ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾಗ, ಬೆಂಬಲಿಗರು ಅವರಿಗಾಗಿ ಕೂಡಿಸಿದ್ದ 18,000 ಡಾಲರ್ ನಿಧಿಯ ವಿವಾದ ಎದ್ದಿತು. ಅವರು ಹಾಲಿವುಡ್‌ನ ಒಂದು ಥಿಯೇಟರಿನಿಂದ ಅರ್ಧ ಗಂಟೆ ಒಬ್ಬರೇ ಮಾತಾಡಿದರು. ಸಾಲದ ಲೆಕ್ಕ, ಹೆಂಡತಿಯ ಬಟ್ಟೆಯ ಕೋಟು, ಮಕ್ಕಳಿಗೆ ಯಾರೋ ಕೊಟ್ಟ ಚೆಕರ್ಸ್ ಎಂಬ ನಾಯಿ ಎಲ್ಲ ಬಂತು. ಸುಮಾರು 6 ಕೋಟಿ ಜನ ನೋಡಿದರು. ಅದು ನೇರ ಪ್ರಸಾರವೇ. ಆದರೆ ಎದುರಿಗೆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಅವರ ಸ್ಥಾನ ಉಳಿಯಿತು.

1968ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರಿಗೆ ರೋಜರ್ ಐಲ್ಸ್ ಸಿಕ್ಕರು. ಹಗಲಿನ ಒಂದು ಹರಟೆ ಕಾರ್ಯಕ್ರಮದ ನಿರ್ಮಾಪಕ, ಇಪ್ಪತ್ತರ ಹರೆಯದ ಹುಡುಗ. ಮುಂದೆ 1996ರಲ್ಲಿ ಫಾಕ್ಸ್ ನ್ಯೂಸ್ ಶುರುವಾದಾಗ ಅದನ್ನು ಕಟ್ಟಿದವರೂ ಇವರೇ. ಐಲ್ಸ್ ಮಾಡಿಸಿದ್ದು ಜನರ ಜೊತೆ ನಿಕ್ಸನ್ ಸಂವಾದ. ಪ್ರಶ್ನೆ ಕೇಳುವವರನ್ನು ಪ್ರಚಾರ ತಂಡವೇ ಆರಿಸಿತ್ತು. ಸುತ್ತ ಕೂತು ಚಪ್ಪಾಳೆ ಹೊಡೆಯುವವರನ್ನೂ ಅದೇ ತುಂಬಿಸಿತ್ತು. ಪತ್ರಕರ್ತರಿಗೆ ಸ್ಟುಡಿಯೋ ಒಳಗೆ ಜಾಗ ಇರಲಿಲ್ಲ. ಸೆಪ್ಟೆಂಬರ್ 16ರಂದು ನಿಕ್ಸನ್ 'ಲಾಫ್-ಇನ್' ಎಂಬ ಹಾಸ್ಯ ಕಾರ್ಯಕ್ರಮದಲ್ಲೂ ಕೆಲವು ಸೆಕೆಂಡು ಕಾಣಿಸಿಕೊಂಡರು. ಎಲ್ಲರೂ ಅದನ್ನೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಾಸ್ಯ ಅಂತ ಗೊತ್ತಿದ್ದೇ ಜನ ನೋಡಿದರು. ಸಂವಾದ ಅಂತ ಹೇಳಿ ಸಂವಾದವಲ್ಲದ್ದನ್ನು ತೋರಿಸಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಿಕ್ಸನ್ ಪತನದಲ್ಲೂ ಇದೇ ವಿಷಯ ಬರುತ್ತದೆ. ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿ ಅದನ್ನು ಮುಚ್ಚಿಹಾಕಲು ಹೊರಟ ವಾಟರ್‌ಗೇಟ್ ಹಗರಣದ ಸೆನೆಟ್ ವಿಚಾರಣೆ 1973ರ ಮೇ 17ರಂದು ಶುರುವಾಯಿತು. ಮೂರು ದೊಡ್ಡ ಚಾನೆಲ್‌ಗಳು ಸರದಿಯಲ್ಲಿ ತೋರಿಸಿದವು. ಹಗಲು ಕೆಲಸಕ್ಕೆ ಹೋಗುವವರಿಗಾಗಿ ಸಾರ್ವಜನಿಕ ಟಿವಿ ಪ್ರತಿ ರಾತ್ರಿ ಮತ್ತೆ ಪೂರ್ತಿ ಪ್ರಸಾರ ಮಾಡಿತು. ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅಧಿಕಾರಿ, ಅಧ್ಯಕ್ಷರ ಕಚೇರಿಯ ಮಾತುಕತೆಯೆಲ್ಲ ಟೇಪ್ ಆಗುತ್ತದೆ ಅಂತ ಎಲ್ಲರೆದುರು ಹೇಳಿದರು. ಟೇಪ್ ಕೊಡಿ ಅಂದರೆ ನಿಕ್ಸನ್ ಕೊಡಲಿಲ್ಲ. 1974ರ ಏಪ್ರಿಲ್ ಕೊನೆಗೆ ಟಿವಿಯಲ್ಲಿ ಬಂದು ದಪ್ಪದಪ್ಪ ಕಡತಗಳನ್ನು ತೋರಿಸಿದರು. ಅವು ಸಂಪಾದಿಸಿದ ಬರಹ ರೂಪ. ಬೈಗುಳ ಇದ್ದಲ್ಲೆಲ್ಲ "ಅಳಿಸಲಾಗಿದೆ" ಅಂತ ಹಾಕಿದ್ದರು. ಒಂದು ಟೇಪಿನಲ್ಲಂತೂ ಹದಿನೆಂಟೂವರೆ ನಿಮಿಷ ಮಾತೇ ಮಾಯವಾಗಿತ್ತು. ಜುಲೈ 24ರಂದು ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿತು: ಮೂಲ ಟೇಪುಗಳನ್ನೇ ಒಪ್ಪಿಸಬೇಕು. ಸುಮಾರು ಎರಡು ವಾರದಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟರು. ಕತ್ತರಿಸಿದ್ದರಿಂದ ಮೇಲೆ ಬಂದವರನ್ನು ಕತ್ತರಿಸದ ಟೇಪ್ ಕೆಳಗಿಳಿಸಿತು.

ಟ್ರಂಪ್ ಬಗ್ಗೆ ನಾನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಉಳಿದದ್ದು ನಿಮಗೇ ಗೊತ್ತು. ಸ್ಪರ್ಧಿಗಳನ್ನು ಅವರು ಒಬ್ಬೊಬ್ಬರನ್ನಾಗಿ "ಕೆಲಸದಿಂದ ತೆಗೆಯುವ" ರಿಯಾಲಿಟಿ ಶೋ 'ದಿ ಅಪ್ರೆಂಟಿಸ್' ಶುರುವಾಗಿದ್ದು 2004ರ ಜನವರಿಯಲ್ಲಿ. ಅದರಲ್ಲಿ ಅವರು ತಪ್ಪೇ ಮಾಡದ ಉದ್ಯಮಿ. ಅದೇ ವರ್ಷದ ನವೆಂಬರಿನಲ್ಲಿ ಅವರ ಕ್ಯಾಸಿನೋ ಕಂಪನಿ ದಿವಾಳಿ ರಕ್ಷಣೆ ಕೋರಿ ಅರ್ಜಿ ಹಾಕಿತು. ಅವರು ಯಾರನ್ನು ಕೆಲಸದಿಂದ ತೆಗೆದರೋ ಅದಕ್ಕೆ ಸರಿಯಾದ ಕಾರಣ ಕಾಣುವ ಹಾಗೆ ಹಿಂದಿನ ದೃಶ್ಯಗಳನ್ನು ಹುಡುಕಿ ಜೋಡಿಸುತ್ತಿದ್ದೆವು ಅಂತ ಸಂಕಲನ ಮಾಡಿದವರೇ ಆಮೇಲೆ ಪತ್ರಕರ್ತರಿಗೆ ಹೇಳಿದ್ದಾರೆ. ಇಲ್ಲೂ ಉತ್ತರ ಮೊದಲು, ಪ್ರಶ್ನೆ ಆಮೇಲೆ. 2015ರ ಸಭೆಗಳನ್ನು ಸುದ್ದಿ ಚಾನೆಲ್‌ಗಳು ನೇರವಾಗಿ, ಉದ್ದಕ್ಕೂ ತೋರಿಸಿದವು ನಿಜ. ಅಲ್ಲಿ ಕತ್ತರಿ ಇರಲಿಲ್ಲ, ಆದರೆ ಎದುರು ಕೇಳುವವರೂ ಇರಲಿಲ್ಲ.

ಕತ್ತರಿಸಿದ್ದು ಯಾರು ಎಂಬ ಪ್ರಶ್ನೆಯಿಂದ ಟ್ರಂಪ್ ವಿರೋಧಿಗಳೂ ತಪ್ಪಿಸಿಕೊಳ್ಳಬಾರದು. 2024ರ ಅಕ್ಟೋಬರಿನಲ್ಲಿ ಸಿಬಿಎಸ್ ಚಾನೆಲ್‌ನ ಸುದ್ದಿ ಕಾರ್ಯಕ್ರಮ '60 ಮಿನಿಟ್ಸ್' ಕಮಲಾ ಹ್ಯಾರಿಸ್ ಸಂದರ್ಶನ ಮಾಡಿತು. ಇಸ್ರೇಲ್ ಕುರಿತ ಒಂದೇ ಪ್ರಶ್ನೆಗೆ ಅವರು ಕೊಟ್ಟ ಉತ್ತರದ ಎರಡು ಬೇರೆ ಬೇರೆ ಭಾಗಗಳು ಎರಡು ಕಾರ್ಯಕ್ರಮಗಳಲ್ಲಿ ಬಂದವು. ಟ್ರಂಪ್ ಮೊಕದ್ದಮೆ ಹಾಕಿದರು. ಚಾನೆಲ್‌ನ ಮಾತೃಸಂಸ್ಥೆ ಪ್ಯಾರಾಮೌಂಟ್ 2025ರ ಜುಲೈನಲ್ಲಿ 1.6 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಮೊಕದ್ದಮೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಅಪಾಯ ಅಂತ ನನಗೆ ಅನ್ನಿಸುತ್ತದೆ. ಆದರೂ ಪೂರ್ತಿ ಮಾತುಕತೆಯನ್ನು ಚಾನೆಲ್ ಮೊದಲ ದಿನವೇ ಜನರ ಮುಂದಿಡಬೇಕಿತ್ತು ಅಂತಲೂ ಅನ್ನಿಸುತ್ತದೆ.

ಆ '60 ಮಿನಿಟ್ಸ್' ಹುಟ್ಟುಹಾಕಿದ ಡಾನ್ ಹ್ಯೂಯಿಟ್ ಅವರೇ 1960ರ ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ ನಡೆದ ಅಧ್ಯಕ್ಷ ಚುನಾವಣೆಯ ಕೆನಡಿ-ನಿಕ್ಸನ್ ಚರ್ಚೆಯನ್ನು ನಿರ್ದೇಶಿಸಿದ್ದು. ಅದರ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ: ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡರು, ರೇಡಿಯೋ ಕೇಳಿದವರಿಗೆ ನಿಕ್ಸನ್. ಈ ಕಥೆಗೆ ಆಧಾರ, ರೇಡಿಯೋ ಕೇಳಿದವರು ತೀರಾ ಕಡಿಮೆ ಇದ್ದ ಒಂದು ಸಮೀಕ್ಷೆ. ಅದನ್ನು ಜಾಸ್ತಿ ನಂಬಬೇಡಿ. ಚರ್ಚೆ ಇವತ್ತಿಗೂ ಪೂರ್ತಿಯಾಗಿ ಅಂತರ್ಜಾಲದಲ್ಲಿ ಸಿಗುತ್ತದೆ. ಶುರುವಿನಲ್ಲಿ ಒಬ್ಬೊಬ್ಬರಿಗೂ ಎಂಟು ನಿಮಿಷ. ಕೆನಡಿ, ಉಕ್ಕಿನ ಕಾರ್ಖಾನೆಗಳ ಅರ್ಧ ಸಾಮರ್ಥ್ಯ ಸುಮ್ನೆ ಬಿದ್ದಿದೆ ಅನ್ನುತ್ತಾರೆ. ನಿಕ್ಸನ್, ಸೆನೆಟರ್ ಹೇಳಿದ ಎಷ್ಟೋ ಮಾತುಗಳನ್ನು ನಾವೂ ಒಪ್ಪಬಹುದು ಅಂತ ಶುರುಮಾಡುತ್ತಾರೆ. ಆಮೇಲೆ ಪತ್ರಕರ್ತರು ಸಾಲಾಗಿ ಇಬ್ಬರನ್ನೂ ಕೇಳುತ್ತಾರೆ. ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ. ಆಮೇಲೆ ನೀವು ಕೇಳುವ ಪ್ರಶ್ನೆಗೆ ನಾನು ಕಾಯುತ್ತೇನೆ.