ಮಾಲೆ ಹಾಕಿಸಿದರೆ ಕುಡಿತ ಬಿಡ್ತಾರಾ?

“ನಮ್ಮೆಜಮಾನ್ರಿಗೆ ಈ ಸಲ ಅಯ್ಯಪ್ಪನ ಮಾಲೆ ಹಾಕಿಸಿದರೆ ಕುಡಿತ ಬಿಡ್ತಾರಾ, ಇಲ್ಲಾ ಆಸ್ಪತ್ರೆಗೇ ತೋರಿಸಬೇಕಾ?” ನವೆಂಬರ್ ಹತ್ತಿರವಾದಂತೆ ಈ ಪ್ರಶ್ನೆ ಹೆಚ್ಚಾಗುತ್ತದೆ. ಎರಡೂ ಆಗಲಿ. ಆದರೆ ದಿನಾ ಕುಡಿಯುವವರಿಗೆ ಮೊದಲು ಆಸ್ಪತ್ರೆ, ಆಮೇಲೆ ಮಾಲೆ. ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಕುಡಿದವರ ಮಿದುಳು ಅದಕ್ಕೆ ಎದುರಾಗಿ ಸದಾ ಕೆರಳಿಯೇ ಇರುತ್ತದೆ. ಕುಡಿತ ಥಟ್ಟನೆ ನಿಂತರೆ ಉಳಿಯುವುದು ಆ ಕೆರಳಿಕೆಯೊಂದೇ. ಕೊನೆಯ ಗುಟುಕಿನ 6–8 ಗಂಟೆಗೆ ಕೈನಡುಕ, ಬೆವರು, ವಾಕರಿಕೆ ಶುರು. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಡೆಲಿರಿಯಂ: ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತದೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ. ಸೋಮವಾರ ಮಾಲೆ ಹಾಕಿದವರಿಗೆ ಬುಧವಾರವೋ ಗುರುವಾರವೋ ಹೀಗಾದರೆ ಮನೆಯವರು ಗಾಳಿ ಸೋಕಿದೆ, ವ್ರತಕ್ಕೆ ಮೈಲಿಗೆಯಾಗಿದೆ ಅಂದುಕೊಳ್ಳುತ್ತಾರೆ. ತಾಯತ ಕಟ್ಟಿಸಲು ಓಡಾಡುವ ಆ ಒಂದು ರಾತ್ರಿಯಲ್ಲೇ ಪ್ರಾಣ ಹೋಗಬಹುದು.

ಆದ್ದರಿಂದ ಮಾಲೆಗೆ ಎರಡು ವಾರ ಮುಂಚೆ ಮನೋವೈದ್ಯರನ್ನು ಕಾಣಿ. ಹಿಂದೆ ಫಿಟ್ಸ್ ಬಂದಿದ್ದರೆ ಅಡ್ಮಿಟ್ ಮಾಡಿಸಿ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಎಂಬ, ಮಿದುಳಿನ ಕೆರಳಿಕೆ ತಣಿಸುವ ಮಾತ್ರೆ ಕೊಟ್ಟು, ವಾರದ ಸುಮಾರಿನಲ್ಲಿ ಅದನ್ನು ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ತುಂಬಾ ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ವಿಟಮಿನ್ ಬಿ1, ಅಂದರೆ ಥಯಾಮಿನ್, ಬೇಕೇ ಬೇಕು. ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಬಿ1 ಕೊರತೆಯಿರುವವರಿಗೆ ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಕೊಟ್ಟರೆ ಮಿದುಳಿನ ಹಾನಿ ಉಲ್ಬಣಿಸಬಹುದು, ನೆನಪಿನ ಶಕ್ತಿ ಮರಳದಂತೆ ಹೋಗಬಹುದು. “ಥಯಾಮಿನ್ ಕೊಟ್ಟಿದ್ದೀರಾ ಡಾಕ್ಟ್ರೇ?” ಎಂದು ಧೈರ್ಯವಾಗಿ ಕೇಳಿ. ಈ ವಾರದಲ್ಲಿ ಉಪವಾಸವೂ ಬೇಡ.

ನಡುಕ ನಿಂತ ಮೇಲೆ ಉಳಿಯುವುದು ಸಂಜೆಯ ಚಪಲ. ಅದನ್ನು ತಗ್ಗಿಸಲು ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ. ಮಾತ್ರೆ ದಿನಕ್ಕೊಂದು, ಇಲ್ಲವೇ ಅಕಾಂಪ್ರೊಸೇಟ್ ಇದೆ. ಮೊದಲನೆಯದಕ್ಕೆ ಲಿವರ್, ಎರಡನೆಯದಕ್ಕೆ ಕಿಡ್ನಿ ಪರೀಕ್ಷೆ ಆಗಬೇಕು. ಡೈಸಲ್ಫಿರಾಮ್ ಬೇರೆಯೇ ಬಗೆ: ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಬಿಪಿ ಕುಸಿಯುತ್ತದೆ. ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡುವುದು ಪ್ರಾಣಾಪಾಯದ ಕೆಲಸ, ದಯವಿಟ್ಟು ಮಾಡಬೇಡಿ. ಈ ಮಾತ್ರೆ ತೆಗೆದುಕೊಳ್ಳುವವರು ದ್ರಾಕ್ಷಾರಿಷ್ಟದಂಥ ಆಯುರ್ವೇದದ ಅರಿಷ್ಟಗಳನ್ನೂ ಮುಟ್ಟಬಾರದು, ಅವುಗಳಲ್ಲೂ ಆಲ್ಕೋಹಾಲ್ ಇರುತ್ತದೆ.

ಹಾಗಾದರೆ ಮಾಲೆಯ ಕೆಲಸವೇನು? ಯಾವ ಮಾತ್ರೆಯೂ ಕೊಡಲಾಗದ್ದನ್ನು ಅದು ಕೊಡುತ್ತದೆ. ನಿನ್ನೆವರೆಗೆ ಬೈಸಿಕೊಂಡವನನ್ನು ಇಡೀ ಬೀದಿ “ಸ್ವಾಮಿ” ಎಂದು ಕರೆಯುತ್ತದೆ. ಬೆಳಗಿನ ಜಾವದ ತಣ್ಣೀರು ಸ್ನಾನ, ಸಂಜೆ ಏಳರ ಭಜನೆ. ಬಾರಿಗೆ ಹೋಗುತ್ತಿದ್ದ ಹೊತ್ತೇ ತುಂಬಿಹೋಗುತ್ತದೆ. ಕುಡಿತದ ಗೆಳೆಯರೂ ಆ ದಿನಗಳಲ್ಲಿ ಬಲವಂತ ಮಾಡುವುದಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಎಂಬ ಕುಡಿತ ಬಿಡುವವರ ಕೂಟ ಕೂಡ ಇದೇ ಬಲದ ಮೇಲೆ ನಿಂತಿದೆ: ತನಗಿಂತ ದೊಡ್ಡದೊಂದರಲ್ಲಿ ನಂಬಿಕೆ, ಜೊತೆಗೆ ಕುಡಿತ ಬಿಟ್ಟವರ ಸಂಗ. ಅದರ ಹನ್ನೆರಡು ಹೆಜ್ಜೆಗಳತ್ತ ಕ್ರಮಬದ್ಧವಾಗಿ ಕರೆದೊಯ್ಯುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಬೇರೆ ಆಪ್ತಸಮಾಲೋಚನೆಗಳಿಗಿಂತ ಹೆಚ್ಚು ಫಲ ಕೊಡುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ಪರಾಮರ್ಶೆ ತೋರಿಸಿತು. ದೇವರನ್ನು ನಂಬದವರಿಗೆ ಆ ಸಂಗವೇ ಸಾಕಾಗಬಹುದು.

ಕೆಡುವುದು ಮಾಲೆ ತೆಗೆದ ಮೇಲೆ. 41 ದಿನದ ಮಂಡಲ ಮುಗಿಯುವುದು ಡಿಸೆಂಬರ್ 26–27ರ ಸುಮಾರಿಗೆ, ನಾಲ್ಕೈದು ದಿನಕ್ಕೆ ಹೊಸ ವರ್ಷದ ಪಾರ್ಟಿ. ಮದ್ಯ ತಡೆದುಕೊಳ್ಳುವ ಶಕ್ತಿ ದೇಹದಲ್ಲಿ ಇಳಿದಿರುತ್ತದೆ, ಹಳೆಯ ಅಳತೆಯಲ್ಲೇ ಕುಡಿದರೆ ಏಟು ಹೆಚ್ಚು. ಹಾಗಾಗಿ ಮಾಲೆ ಇರುವಾಗಲೇ ಎಎ ಸಭೆಗೋ, ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗೋ ಪರಿಚಯ ಮಾಡಿಸಿ. ವ್ರತವೆಂದು ಮಾತ್ರೆ ನಿಲ್ಲಿಸುವುದು ಬೇಡ. ಬೆಳಗ್ಗೆ ದೀಪ ಹಚ್ಚಿದ ಕೂಡಲೇ ನುಂಗುವ ರೂಢಿಯಾದರೆ ಮಾಲೆ ತೆಗೆದ ಮೇಲೂ ಅದು ಮುಂದುವರಿಯುತ್ತದೆ. ಗುರುಸ್ವಾಮಿಯೇ “ಔಷಧಿ ಬಿಡಬೇಡಿ ಸ್ವಾಮಿ” ಎಂದರೆ ವೈದ್ಯರ ಮಾತಿಗಿಂತ ಹೆಚ್ಚು ನಾಟುತ್ತದೆ. ಅವರನ್ನು ಮೊದಲೇ ಕಂಡು ಕೇಳಿಕೊಳ್ಳಿ.

ಕರ್ನಾಟಕ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಫೋನಿನಲ್ಲಿ ಸಲಹೆಗೆ ಟೆಲಿ ಮಾನಸ್ 14416. ಫಿಟ್ಸ್ ಬಂದರೆ, ಮಾತು ಅಸಂಬದ್ಧವಾದರೆ ಮಂಗಳವಾರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.